ಮಂಜಿನ ಜೊತೆ ಇನ್ನೇನೇನು ಬರುತ್ತೆ?

ಆಸ್ಪತ್ರೆಯೊಂದರ ಉಪಕರಣ ವಿಭಾಗದಲ್ಲಿ 31 ವರ್ಷ ರಿಪೇರಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮಿಕ್ಸಿ, ಗೀಸರ್, ವಾಷಿಂಗ್ ಮಷೀನಿನವು. ಕಳೆದ ಸಲ ಮಾತಿನ ಮಧ್ಯೆ ಹ್ಯುಮಿಡಿಫೈಯರ್ (ಕೋಣೆಯ ಒಣ ಗಾಳಿಗೆ ನೀರಿನ ತೇವ ಸೇರಿಸುವ ಮಷೀನು) ಬಗ್ಗೆ ಎರಡು ಸಾಲು ಬರೆದಿದ್ದೆ, ಅಷ್ಟಕ್ಕೇ ಪತ್ರಗಳ ಕಂತೆ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅದರದೇ ವಿಚಾರ.

ಪ್ರಶ್ನೆ: ಎಸಿ ಹಾಕಿದರೆ ಮೂಗು ಒಣಗುತ್ತದೆಂದು ಮಲಗುವ ಕೋಣೆಗೆ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್ ತಂದೆವು. ವಾರದಲ್ಲೇ ಟಿವಿ, ಕಪಾಟು, ಮಗಳ ಲ್ಯಾಪ್‌ಟಾಪ್ ಮೇಲೆಲ್ಲ ಬಿಳಿ ಪುಡಿ. ಒರೆಸಿದರೆ ಮರುದಿನ ಮತ್ತೆ ಬರುತ್ತದೆ. ಇದು ಬೂಷ್ಟೇ? ನಮ್ಮದು ಬೋರ್ ನೀರು. ಕುದಿಸಿ ಆರಿಸಿ ಹಾಕಿದರೆ ಸರಿಹೋಗುತ್ತದೆಯೇ?
— ರಾಜಾಜಿನಗರ, ಬೆಂಗಳೂರು

ಉತ್ತರ: ಬೂಷ್ಟಲ್ಲ. ಅದು ನಿಮ್ಮ ಬೋರ್‌ವೆಲ್ಲಿನ ಸುಣ್ಣ.

ನಮ್ಮನೆಯಲ್ಲೂ ಇದೇ ಆಗಿತ್ತು. ಬೇಸಿಗೆಯ ಶುರುವಿನಲ್ಲಿ ನಮ್ಮತ್ತೆಗೆ ರಾತ್ರಿ ಮೂಗು ಒಣಗಿ ರಕ್ತ ಒಸರುತ್ತಿತ್ತು. ಒಂದು ಮಷೀನು ತಂದು ತಲೆದೆಸೆಯಲ್ಲೇ ಇಟ್ಟೆ. ಹತ್ತು ದಿನಕ್ಕೆ ದೇವರ ಪಟದ ಗಾಜು ಮಸುಕಾಯಿತು. ಮನೆಕೆಲಸಕ್ಕೆ ಬರುವಾಕೆ “ಎಷ್ಟು ಒರೆಸಿದ್ರೂ ವಿಭೂತಿ ಬಳಿದಂಗೆ ಬರ್ತದಲ್ಲಮ್ಮ” ಅಂದಳು. ಅತ್ತೆಯ ಮೂಗಿನ ರಕ್ತ ನಿಂತಿತ್ತು ನಿಜ, ಬದಲಿಗೆ ಒಣ ಕೆಮ್ಮು ಹಿಡಿದಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ನಿಗೆ ತೇವ ಕೂಡಿಸುವ ಬಾಟಲಿಗೆ ನಲ್ಲಿ ನೀರು ಹಾಕಿದ ಹುಡುಗರನ್ನು ಎಲ್ಲರೆದುರು ಬೈದವಳು ನಾನು. ಮನೆಗೆ ಬಂದು ಅತ್ತೆಯ ಮೂಗಿನ ಮುಂದೆ ಬೋರ್ ನೀರು ಸುರಿದು ಕೂತಿದ್ದೆ!

ಆ ಮಷೀನಿನ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರಿ ನೀರನ್ನು ಹನಿಹನಿಯಾಗಿ ಒಡೆದು ಎಸೆಯುತ್ತದೆ. ಅಲ್ಲಿ ನೀರು ಕುದಿಯುವುದಿಲ್ಲ, ಆವಿಯೂ ಆಗುವುದಿಲ್ಲ. ಆದ್ದರಿಂದ ನೀರಿನಲ್ಲಿ ಏನಿದೆಯೋ ಅದೆಲ್ಲ ಹನಿಯ ಜೊತೆ ಹಾರುತ್ತದೆ. ಹನಿ ಆರಿದ ಮೇಲೆ ಉಳಿಯುವ ಸುಣ್ಣದ ಕಣದಲ್ಲಿ ಒಂದು ಪಾಲು ಟಿವಿಯ ಮೇಲೆ ಕೂರುತ್ತದೆ, ತೀರಾ ಸಣ್ಣದು ಎದೆಯೊಳಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಉಪ್ಪು-ಸುಣ್ಣ ಎಲ್ಲದರ ಒಟ್ಟು ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ ಎನ್ನುತ್ತದೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ. ಬೇರೆ ನೀರಿನ ಗತಿಯೇ ಇಲ್ಲದಿದ್ದರೆ 2000ದವರೆಗೂ ನಡೆಯಲಿ ಎಂದು ಬಿಟ್ಟಿದೆ. ನಮ್ಮ ಸಂಪಿನ ನೀರಿಗೆ ಮೀಟರ್ ಅದ್ದಿದರೆ 800 ತೋರಿಸಿತು. ರಾತ್ರಿಗೆ 3 ಲೀಟರ್ ಖರ್ಚಾದರೆ 2.4 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೆ ತುಸು ಕಮ್ಮಿ ಉಪ್ಪು-ಸುಣ್ಣ ಒಂದೇ ಕೋಣೆಯಲ್ಲಿ. ದಿನಾ ರಾತ್ರಿ. ಅಡುಗೆಮನೆಯ ಆರ್‌ಓ ನೀರಿನ ಟಿಡಿಎಸ್ 50 ಬಂತು. ಅದೇ 3 ಲೀಟರಿಗೆ 150 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ಆವತ್ತಿನಿಂದ ಆರ್‌ಓ ನೀರು. ಪುಡಿ ನಿಂತಿತು, ಎರಡು ವಾರದಲ್ಲಿ ಅತ್ತೆಯ ಕೆಮ್ಮೂ ನಿಂತಿತು. ಡಿಸ್ಟಿಲ್ಡ್ ವಾಟರ್ ಆದರೆ ಇನ್ನೂ ಒಳ್ಳೆಯದು, ಆದರೆ ದಿನಕ್ಕೆ 3 ಲೀಟರ್ ಕೊಳ್ಳುವವರು ಯಾರು?

ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಕರಗಿದ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಪಾತ್ರೆಯ ಗೋಡೆಗೆ ಒಂದಿಷ್ಟು ಸುಣ್ಣ ಅಂಟಿಕೊಂಡರೂ ನೀರು ಇಂಗಿದಷ್ಟೂ ಉಳಿದ ಉಪ್ಪು ಗಟ್ಟಿಯಾಗುತ್ತದೆ, ಸಾರು ಇಂಗಿದರೆ ಉಪ್ಪಾಗುವ ಹಾಗೆ. ಇನ್ನು, ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿಗೆ ಹಿಡಿದು ‘ಪುಕ್ಕಟೆ ಡಿಸ್ಟಿಲ್ಡ್ ವಾಟರ್’ ಎಂದು ತುಂಬುವವರೂ ಇದ್ದಾರೆ. ಅದರಲ್ಲಿ ಉಪ್ಪಿಲ್ಲ, ಒಪ್ಪಿದೆ. ಆದರೆ ಎಸಿ ಕಾಯಿಲಿನ ಧೂಳು, ಲೋಳೆ ಎಲ್ಲ ತೊಳೆದುಕೊಂಡು ಬಂದ ನೀರು ಅದು. ಗಿಡಕ್ಕೆ ಹಾಕಿ.

ಪ್ರಶ್ನೆ: ಟ್ಯಾಂಕು ಎರಡೇ ದಿನಕ್ಕೆ ಲೋಳೆಗಟ್ಟುತ್ತದೆ. ಒಂದು ಮುಚ್ಚಳ ಆಂಟಿಸೆಪ್ಟಿಕ್ ದ್ರವ ನೀರಿಗೇ ಬೆರೆಸಿಬಿಟ್ಟರೆ ಟ್ಯಾಂಕೂ ಶುದ್ಧ, ಕೋಣೆಯ ಗಾಳಿಯೂ ಶುದ್ಧ ಅಲ್ಲವೇ?
— ದಾವಣಗೆರೆ

ಉತ್ತರ: ಬೇಡ. ದಯವಿಟ್ಟು ಬೇಡ.

ನಿಮಗೆ ಹೊಳೆದ ಉಪಾಯವೇ ದಕ್ಷಿಣ ಕೊರಿಯಾದಲ್ಲಿ ವ್ಯಾಪಾರವಾಗಿತ್ತು. ಅಲ್ಲಿನ ಚಳಿಗಾಲದಲ್ಲಿ ಹ್ಯುಮಿಡಿಫೈಯರ್ ಮನೆಮನೆಯ ಸಾಮಾನು. ನೀರಿಗೆ ಬೆರೆಸುವ ಕ್ರಿಮಿನಾಶಕವನ್ನು 1994ರಿಂದ ಅಂಗಡಿಗಳಲ್ಲಿ ಮಾರಿದರು. ಅದರಲ್ಲಿ ಹೆಚ್ಚು ಹಾನಿ ಮಾಡಿದ್ದು ಪಿಎಚ್‌ಎಂಜಿ ಎಂಬ ರಾಸಾಯನಿಕ. ಮೈಗೆ ತಾಗಿದರೆ, ಹೊಟ್ಟೆಗೆ ಹೋದರೆ ಅಂಥ ಕೆಡುಕೇನಿಲ್ಲ ಎಂದು ನಂಬಿದ್ದರು. ಉಸಿರಿನಲ್ಲಿ ಹೋದರೆ ಏನಾಗುತ್ತದೆ ಎಂದು ಪರೀಕ್ಷಿಸಿ ನೋಡಿರಲಿಲ್ಲ. 2011ರಲ್ಲಿ ಸೋಲ್‌ನ ಆಸ್ಪತ್ರೆಗೆ ಗರ್ಭಿಣಿಯರು, ಬಾಣಂತಿಯರು ಕಾರಣ ತಿಳಿಯದ ಶ್ವಾಸಕೋಶದ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ಬರತೊಡಗಿದ ಮೇಲೆಯೇ ಗುಟ್ಟು ಹೊರಬಿದ್ದು, ಆ ವರ್ಷವೇ ಮಾಲನ್ನು ವಾಪಸು ತೆಗೆಸಿದರು. ಸತ್ತವರು ಸಾವಿರಕ್ಕೂ ಹೆಚ್ಚು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಮಗುವಿಗೆ ಒಳ್ಳೆಯದಾಗಲಿ ಎಂದು ದಿನಾ ತಾವೇ ಅಳೆದು ಹಾಕಿದ ತಾಯಂದಿರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಶುದ್ಧ ಮಾಡುವುದು ಟ್ಯಾಂಕನ್ನು, ಅದೂ ಮಷೀನು ಆಫ್ ಆಗಿ ಪ್ಲಗ್ ಕಿತ್ತ ಮೇಲೆ. ನಾನು ಮಾಡುವುದು ಹೀಗೆ. ಬೆಳಿಗ್ಗೆ ಎದ್ದ ತಕ್ಷಣ ಉಳಿದ ನೀರು ಚೆಲ್ಲಿ, ಒಳಗೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಟ್ಯಾಂಕನ್ನು ಬಾಯಿ ಕೆಳಗಾಗಿಸಿ ಅಡುಗೆಕಟ್ಟೆಯ ಮೇಲೆ ಸಾಯಂಕಾಲದವರೆಗೆ ಒಣಗಲು ಬಿಡುತ್ತೇನೆ. ನಿನ್ನೆಯ ನೀರಿನ ಮೇಲೆ ಇವತ್ತಿನದನ್ನು ತುಂಬುವುದೇ ಇಲ್ಲ. ಲೋಳೆ ಹುಟ್ಟುವುದು ಆ ಸೋಮಾರಿತನದಲ್ಲಿ. ಮೂರು ದಿನಕ್ಕೊಮ್ಮೆ ಬುಡದ ಗುಳಿಗೆ ಬಿಳಿ ವಿನೆಗರ್ ಸುರಿದು 20 ನಿಮಿಷ ಬಿಟ್ಟು, ಹಳೇ ಟೂತ್‌ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯುತ್ತೇನೆ. ವಿನೆಗರ್ ಇಲ್ಲದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ನೀರಿಗೆ ಕದಡಿದರೂ ಸುಣ್ಣ ಬಿಡುತ್ತದೆ. ಮೋಟಾರಿರುವ ಬುಡವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಬಿಲ್ಲೆಯನ್ನು ಚಾಕುವಿನಿಂದ ಕೆರೆಯಬೇಡಿ. ನಾನು ಅವಸರಕ್ಕೆ ಸೇಫ್ಟಿ ಪಿನ್ನಿನಲ್ಲಿ ಕೆರೆದು ಒಂದನ್ನು ಕೆಡಿಸಿದ್ದೇನೆ. ರಿಪೇರಿಯವಳ ಮನೆಯ ಮಷೀನು ರಿಪೇರಿಯವಳಿಂದಲೇ ಹೋಯಿತು. ಇನ್ನೊಂದು, ವಿನೆಗರ್ ಹಾಕಿದ ಪಾತ್ರೆಗೆ ಬ್ಲೀಚ್ ಬೆರೆಸಲೇಬಾರದು. ಕ್ಲೋರಿನ್ ಅನಿಲ ಏಳುತ್ತದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಬಂದಿದ್ದೇನೆ. ಹೊರಗೆ ಹಿಮ, ಒಳಗೆ ಹೀಟರ್. ಮಗುವಿನ ತುಟಿ ಒಡೆಯುತ್ತಿದೆ. ಹಬೆ ಬರುವ ಬಿಸಿ ಮಷೀನು ಒಳ್ಳೆಯದೋ, ತಣ್ಣನೆಯದೋ? ನೀಲಗಿರಿ ಎಣ್ಣೆಯ ಎರಡು ಹನಿಯೋ, ಚಿಟಿಕೆ ಕರ್ಪೂರವೋ ಹಾಕೋಣ ಎಂದರೆ ಮಗಳು ಜಗಳ ತೆಗೆಯುತ್ತಾಳೆ.
— ಶಿಕಾಗೊದಿಂದ ಒಬ್ಬ ಅಜ್ಜಿ

ಉತ್ತರ: ಅಮ್ಮಾ, ಈ ಜಗಳದಲ್ಲಿ ನಾನು ನಿಮ್ಮ ಮಗಳ ಕಡೆ.

ಕರ್ಪೂರ ಹಸುಗೂಸಿಗೆ ಫಿಟ್ಸ್ ತರಿಸಬಲ್ಲದು. ನಮ್ಮಲ್ಲಿ ಅದು ದೇವರ ಸಾಮಾನು, ಹಾಗಾಗಿ ವಿಷ ಅಂತ ಅನ್ನಿಸುವುದೇ ಇಲ್ಲ. ನೀಲಗಿರಿ ಎಣ್ಣೆಯೂ ಎಳೆಯ ಉಸಿರಿಗೆ ಖಾರ. ಮೇಲಾಗಿ ಎಣ್ಣೆ ತಾಗಿದರೆ ಪ್ಲಾಸ್ಟಿಕ್ ಟ್ಯಾಂಕು ಬಿರುಕು ಬಿಡುತ್ತದೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದನ್ನೂ ಬಿಟ್ಟರೆ ಚೆನ್ನ (ಇದನ್ನು ಓದಿ ಎಷ್ಟು ಜನ ನನ್ನ ಮೇಲೆ ಸಿಟ್ಟಾಗುತ್ತಾರೋ).

ಮಷೀನು ತಣ್ಣನೆಯದೇ ಇರಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆಯೂ ಅದೇ. ಬಿಸಿ ಹಬೆಯ ಮಷೀನಿನಲ್ಲಿ ಕ್ರಿಮಿ ಬದುಕುವುದಿಲ್ಲ ನಿಜ, ಆದರೆ ಒಳಗಿರುವುದು ಕುದಿಯುವ ನೀರು. ಇನ್ನು ಎಂಟು ತಿಂಗಳಿಗೆ ಅಂಬೆಗಾಲಿಕ್ಕುವ ಮಗು ಅದರ ವೈರು ಎಳೆದರೆ? ಮಷೀನನ್ನು ತೊಟ್ಟಿಲಿನಿಂದ ಮೂರು ಅಡಿಯಾದರೂ ದೂರ, ಸ್ಟೂಲಿನ ಮೇಲೆ, ಮಂಜು ಮಗುವಿನ ಮುಖಕ್ಕೆ ಹೊಡೆಯದ ಹಾಗೆ ಇಡಿ.

ನಿಮ್ಮ ಕೋಣೆ ಯಾಕಷ್ಟು ಒಣಗುತ್ತದೆ ಗೊತ್ತೇ? ಮೈನಸ್ 10 ಡಿಗ್ರಿಯ ಗಾಳಿಯಲ್ಲಿ ನೀರಿನ ಅಂಶವೇ ಅತ್ಯಲ್ಪ. ಅದನ್ನೇ ಒಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರಿನಿಂದ ಏನೋ ಸ್ವಲ್ಪ ಏರಬಹುದು. ಹಾಗಾಗಿ ನಿಮಗೆ ಆ ಮಷೀನು ಬೇಕೇ ಬೇಕು. ಆದರೆ ತೇವಾಂಶ ತೋರಿಸುವ ಒಂದು ಹೈಗ್ರೋಮೀಟರ್ ತಂದು ಗೋಡೆಗೆ ತೂಗುಹಾಕಿ. ಗಡಿಯಾರದಂಥ ಸಣ್ಣ ಡಬ್ಬಿ, ಬೆಲೆಯೇನೂ ಹೆಚ್ಚಿಲ್ಲ. ಶೇ 30ರಿಂದ 50ರೊಳಗೆ ಇದ್ದರೆ ಸಾಕು. ಬೆಳಿಗ್ಗೆ ಕಿಟಕಿಯ ಗಾಜಿನ ಒಳಬದಿಯಲ್ಲಿ ನೀರು ಇಳಿಯುತ್ತಿದ್ದರೆ ಹೆಚ್ಚಾಯಿತು ಎಂದೇ ಅರ್ಥ. ಆ ಚಳಿಗೆ 30-35ರಲ್ಲೇ ನಿಲ್ಲಿಸಿ, ಇಲ್ಲವಾದರೆ ಕಿಟಕಿಯ ಚೌಕಟ್ಟಿಗೆ ಕರಿ ಬೂಷ್ಟು ಹಿಡಿಯುತ್ತದೆ. ತುಟಿಗೆ ಏನು ಹಚ್ಚಬೇಕೆಂದು ಅಲ್ಲಿನ ಮಕ್ಕಳ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಮಗನಿಗೆ ಆಸ್ತಮಾ. ಹ್ಯುಮಿಡಿಫೈಯರ್ ಇಟ್ಟರೆ ಉಸಿರಾಟ ಸಲೀಸಾಗುತ್ತದೆಯೆಂದು ಯಾರೋ ಹೇಳಿದರು.
— ಮಂಗಳೂರು

ಉತ್ತರ: ಮಂಗಳೂರಿನಲ್ಲೇ? ಒಗೆದ ಬಟ್ಟೆ ಒಣಗದ ಊರಿನಲ್ಲಿ ಗಾಳಿಗೆ ನೀರು ಸೇರಿಸುವ ಮಷೀನು! ತೇವಾಂಶ ಶೇ 60 ದಾಟಿದರೆ ಬೂಷ್ಟು ಏಳುತ್ತದೆ. ತೇವ ಹೆಚ್ಚಿದಷ್ಟೂ ಹಾಸಿಗೆಯ ಧೂಳುಹುಳು ಹೆಚ್ಚುತ್ತದೆ. ಎರಡೂ ಆಸ್ತಮಾಕ್ಕೆ ಶತ್ರು. ಡಾಕ್ಟರು ಬರೆದುಕೊಡುವ ನೆಬ್ಯುಲೈಜರ್ ಔಷಧಿ ಕೊಡುವ ಸಾಧನ, ಅದೇ ಬೇರೆ, ಇದೇ ಬೇರೆ. ದುಡ್ಡು ಉಳಿಸಿ.

ಪ್ರಶ್ನೆ: ನಮಗೆ ಕೂಲರೇ ಗತಿ. ಅದಕ್ಕೂ ಇಷ್ಟೆಲ್ಲ ಕಾಳಜಿ ಬೇಕೇನು?
— ಕಲಬುರಗಿ

ಉತ್ತರ: ಕೂಲರ್ ಅಂದರೆ ಹ್ಯುಮಿಡಿಫೈಯರಿನ ಅಣ್ಣ. ಆದರೆ ಅಣ್ಣ ಸ್ವಲ್ಪ ಸಾಧು. ಒದ್ದೆ ಪ್ಯಾಡಿನ ಮೂಲಕ ಗಾಳಿ ಹಾಯುವಾಗ ನೀರು ನಿಜವಾಗಿ ಆವಿಯಾಗುತ್ತದೆ, ಸುಣ್ಣ ಪ್ಯಾಡಿನಲ್ಲೇ ಕೂರುತ್ತದೆ. ಅದಕ್ಕೇ ಪ್ಯಾಡು ಕಲ್ಲಾಗುವುದು. ಪ್ಯಾಡು ಕಮಟು ವಾಸನೆ ಬಂದರೆ ಬದಲಿಸಿ, ಕಿಟಕಿ ತುಸು ತೆರೆದಿಡಿ. ವಾರಕ್ಕೊಮ್ಮೆಯಾದರೂ ತೊಟ್ಟಿ ಪೂರ್ತಿ ಬರಿದು ಮಾಡಿ, ಉಜ್ಜಿ, ಒಣಗಿಸಿ. ಡೆಂಗಿ ಸೊಳ್ಳೆಗೆ ಕೂಲರಿನ ನಿಂತ ನೀರು ತವರುಮನೆ.

ಪ್ರಶ್ನೆ: ಮಷೀನು ಹಾಕಿ ಮಲಗಿದ ದಿನ ಬೆಳಗಿನ ಜಾವ ಚಳಿ, ಮೈಕೈ ನೋವು, ಜ್ವರ, ಕೆಮ್ಮು. ಊರಿಗೆ ಹೋದರೆ ಏನೂ ಇಲ್ಲ. ವಾಪಸು ಬಂದ ರಾತ್ರಿಯೇ ಮತ್ತೆ ಶುರು. ನನ್ನ ಭ್ರಮೆಯೇ?
— ಹುಬ್ಬಳ್ಳಿ

ಉತ್ತರ: ಭ್ರಮೆಯಲ್ಲ ಇರಬಹುದು. ಈ ಪತ್ರವನ್ನು ನಾನು ಎರಡು ಸಲ ಓದಿದೆ. ಕೊಳಕು ಟ್ಯಾಂಕಿನ ಬೂಷ್ಟು, ಬ್ಯಾಕ್ಟೀರಿಯಾ ಮಂಜಿನ ಜೊತೆ ಒಳಗೆ ಹೋಗಿ ಶ್ವಾಸಕೋಶ ಅದರ ಮೇಲೆ ಸಿಡಿದೇಳುವ ಕಾಯಿಲೆ ಇದೆ. ‘ಹ್ಯುಮಿಡಿಫೈಯರ್ ಜ್ವರ’ ಎಂದೇ ಹೆಸರು. ಮಂಜು ಕುಡಿದ ಕೆಲವು ಗಂಟೆಗಳ ಮೇಲೆ ಜ್ವರ ಏರುತ್ತದೆ, ದೂರ ಹೋದರೆ ಇಳಿಯುತ್ತದೆ. ಇದನ್ನೇ ಎಷ್ಟೋ ಸಲ ಫ್ಲೂ ಎಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಶ್ವಾಸಕೋಶ ಗಡಸಾಗಿ ಮತ್ತೆ ಮೆತ್ತಗಾಗದೆ ಹೋಗಬಹುದು. ಇವತ್ತೇ ಮಷೀನು ನಿಲ್ಲಿಸಿ, ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ನೀವಾಗಿ ಹೇಳದಿದ್ದರೆ ಅವರಿಗೆ ಮಷೀನಿನ ಸುದ್ದಿ ಗೊತ್ತಾಗುವುದಿಲ್ಲ, ಆದ್ದರಿಂದ ಮೊದಲ ಮಾತೇ ಅದಾಗಿರಲಿ. ಟ್ಯಾಂಕಿನ ಒಳಗಿನ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ತೊಳೆದ ಮೇಲಲ್ಲ, ಈಗ ಹೇಗಿದೆಯೋ ಹಾಗೆ.

ಪ್ರಶ್ನೆ: ಮಳೆಗಾಲದಲ್ಲಿ ಮಷೀನನ್ನು ಹೇಗೆ ಎತ್ತಿಡಬೇಕು?
— ಮೈಸೂರು

ಉತ್ತರ: ವಿನೆಗರಿನಲ್ಲಿ ತೊಳೆದು, ಎರಡು ದಿನ ಗಾಳಿಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ. ಫಿಲ್ಟರ್, ಬತ್ತಿ ಏನಾದರೂ ಇದ್ದರೆ ಎಸೆದುಬಿಡಿ, ಮುಂದಿನ ಸಲ ಹೊಸದು ಹಾಕಿ. ಮುಚ್ಚಳ ಬಿಗಿಯಬೇಡಿ. ನನ್ನದು ಈಗ ಅಟ್ಟದ ಮೇಲೆ ಬಾಯಿ ತೆರೆದುಕೊಂಡೇ ಕೂತಿದೆ. ಜಿರಲೆ ಸೇರದಿರಲಿ ಎಂದು ಅತ್ತೆ ತಮ್ಮ ಹಳೇ ದಿಂಬಿನ ಕವರು ತೊಡಿಸಿ ಮೇಲೊಂದು ಗಂಟು ಹಾಕಿದ್ದಾರೆ.