ಹತ್ತು ದಿನದ ಆಫ್ರಿಕಾ ಸಫಾರಿ: ಕ್ರೂಗರ್, ಚೋಬೆ, ವಿಕ್ಟೋರಿಯಾ ಜಲಪಾತ, ಕೇಪ್ ಟೌನ್ ಎಲ್ಲವನ್ನೂ ನೋಡಬಹುದೇ?

ಮೇ ತಿಂಗಳ ರಜೆ, ಹತ್ತು ದಿನ, ನೀವಿಬ್ಬರು, ಎಂಟು ವರ್ಷದ ಮಗಳು, ಜೊತೆಗೆ 68 ವರ್ಷದ ಅಮ್ಮ, ಎಲ್ಲರೂ ಸಸ್ಯಾಹಾರಿಗಳು ಅಂತ ಬರೆದಿದ್ದೀರಿ. ಹಾಗಿದ್ದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಒಂದನ್ನೇ ಇಟ್ಟುಕೊಳ್ಳಿ, ಉಳಿದ ಮೂರನ್ನೂ ಈ ಸಲ ಬಿಟ್ಟುಬಿಡಿ.

ನೀವು ಇಳಿಯುವ ಜೋಹಾನ್ಸ್‌ಬರ್ಗ್‌ನಿಂದ ಕೇಪ್ ಟೌನ್ ರಸ್ತೆಯಲ್ಲಿ ಸುಮಾರು 1,400 ಕಿ.ಮೀ. ವಿಕ್ಟೋರಿಯಾ ಜಲಪಾತ ಇರುವುದು ಜಾಂಬಿಯಾ–ಜಿಂಬಾಬ್ವೆ ಗಡಿಯಲ್ಲಿ, ಚೋಬೆ ಕಾಡು ಇರುವುದು ಬೋಟ್ಸ್‌ವಾನಾದಲ್ಲಿ. ಹೆಚ್ಚಿನ ಕಡೆಗೆಲ್ಲ ವಿಮಾನ, ಗಡಿ ದಾಟಿದಲ್ಲೆಲ್ಲ ವೀಸಾ ಕಾಗದ, ಮತ್ತೆ ಲಗೇಜು, ಮತ್ತೆ ಕ್ಯೂ. ಹತ್ತು ದಿನದಲ್ಲಿ ಅರ್ಧ ಏರ್‌ಪೋರ್ಟಿನಲ್ಲೇ ಕಳೆಯುತ್ತದೆ, ಅಮ್ಮನಿಗಂತೂ ಸುಸ್ತು. ಕ್ರೂಗರ್ ಒಂದೇ ಸುಮಾರು 19,500 ಚದರ ಕಿ.ಮೀ. ಇದೆ. ನಮ್ಮ ಬಂಡೀಪುರದಂಥ ಕಾಡು ಹತ್ತಿರ ಹತ್ತಿರ ಇಪ್ಪತ್ತು ಹಿಡಿಸುತ್ತದೆ. ಅಲ್ಲಿ ಎಂಟು ದಿನ ಇದ್ದರೂ ಹೆಚ್ಚಾಗುವುದಿಲ್ಲ.

ಕೆಲಸದ ಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿ ಇದ್ದಾಗ ಮನೆಯವರನ್ನೂ ಊರಿಂದ ಬಂದವರನ್ನೂ ಕ್ರೂಗರ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಕಬಿನಿ, ನಾಗರಹೊಳೆ ನೋಡಿದವರಿಗೆ ಅಲ್ಲಿ ಮೊದಲು ಅಚ್ಚರಿಯಾಗುವುದು ಒಂದೇ ವಿಷಯಕ್ಕೆ: ಬೆಳಗ್ಗೆ ಗೇಟು ತೆರೆದಾಗಿನಿಂದ ಸಂಜೆ ಮುಚ್ಚುವವರೆಗೂ ನಿಮ್ಮದೇ ಕಾರಿನಲ್ಲಿ ಕಾಡಿನೊಳಗೆ ಓಡಾಡಬಹುದು. ಜೀಪಿನ ಸೀಟಿಗೆ ಕಾಯಬೇಕಿಲ್ಲ, ಮೂರೇ ಗಂಟೆಯೊಳಗೆ ವಾಪಸು ಹೊರಡಬೇಕಿಲ್ಲ. ಅಮ್ಮನಿಗೆ ಸಾಕೆನಿಸಿದರೆ ಕಾಡಿನೊಳಗೇ ಉಳಿಯಲು ಇರುವ ಕ್ಯಾಂಪಿಗೆ ಬಂದು ಮಲಗಬಹುದು. ವಾಹನ ಎಡಗಡೆಯೇ ಓಡಿಸುವುದು, ಮುಖ್ಯ ರಸ್ತೆಗಳೆಲ್ಲ ಡಾಂಬರು. ಸೀಟು ಸ್ವಲ್ಪ ಎತ್ತರವಿರುವ ಗಾಡಿಯನ್ನೇ ಬಾಡಿಗೆಗೆ ಹಿಡಿಯಿರಿ, ಮೇ ತಿಂಗಳಲ್ಲಿ ಹುಲ್ಲು ಇನ್ನೂ ಪೂರ್ತಿ ಬಗ್ಗಿರುವುದಿಲ್ಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಊರಲ್ಲೇ ಮಾಡಿಸಿಕೊಂಡು ಹೋಗಿ.

ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದ ದಿನವೇ ಹೊರಡಬೇಡಿ. ರಾತ್ರಿ ನಿದ್ದೆ ಮಾಡಿ, ಬೆಳಗ್ಗೆ ಎನ್4 ಹೆದ್ದಾರಿ ಹಿಡಿದರೆ ಐದಾರು ಗಂಟೆಯಲ್ಲಿ ಕ್ರೊಕಡೈಲ್ ಬ್ರಿಡ್ಜ್ ಗೇಟು. ಮೇ ತಿಂಗಳಲ್ಲಿ ಗೇಟು ತೆರೆಯುವುದು ಬೆಳಗ್ಗೆ 6ಕ್ಕೆ, ಮುಚ್ಚುವುದು ಸಂಜೆ 5.30ಕ್ಕೆ. ಆಮೇಲೆ ಕಾಡಿನ ರಸ್ತೆಯಲ್ಲಿ ಸಿಕ್ಕಿದರೆ ದಂಡ. ಮೊದಲ ಮೂರು ರಾತ್ರಿ ಲೋವರ್ ಸಬಿ ಕ್ಯಾಂಪು, ಆಮೇಲೆ ಮೂರು ರಾತ್ರಿ ಸಟಾರಾ, ಕೊನೆಗೆ ಒಂದು ರಾತ್ರಿ ಓಲಿಫಂಟ್ಸ್. ಲೋವರ್ ಸಬಿಯಿಂದ ಸ್ಕುಕುಜಾ ಕ್ಯಾಂಪಿನವರೆಗೆ ಸಬಿ ನದಿಯ ಪಕ್ಕದಲ್ಲೇ ಹೋಗುವ ಎಚ್4-1 ರಸ್ತೆ ಇಡೀ ಕಾಡಿನಲ್ಲಿ ನನಗೆ ಅಚ್ಚುಮೆಚ್ಚು. ಆನೆ, ಕಾಡೆಮ್ಮೆ, ಅದೃಷ್ಟವಿದ್ದರೆ ಚಿರತೆ. ಕ್ಯಾಂಪಿನ ಹತ್ತಿರವೇ ಇರುವ ಸನ್‌ಸೆಟ್ ಡ್ಯಾಮ್‌ನಲ್ಲಿ ನೀರಾನೆ, ಮೊಸಳೆ ಎರಡೂ ಕಾರಿನಿಂದ ಕೆಲವೇ ಹೆಜ್ಜೆ ದೂರದಲ್ಲಿ ಬಿದ್ದುಕೊಂಡಿರುತ್ತವೆ. ಸಟಾರಾ ಸುತ್ತ ಹುಲ್ಲುಗಾವಲು, ಹಾಗಾಗಿ ಸಿಂಹ. ಅಲ್ಲಿನ ಎಸ್100 ಮಣ್ಣುರಸ್ತೆಗೆ ಬೆಳಗ್ಗೆ ಬೇಗ ಹೋಗಿ. ಓಲಿಫಂಟ್ಸ್ ಕ್ಯಾಂಪು ನದಿಯ ಮೇಲಿನ ಎತ್ತರದ ಗುಡ್ಡದಲ್ಲಿದೆ, ಅಮ್ಮ ಕುರ್ಚಿ ಹಾಕಿಕೊಂಡು ಕೂತಲ್ಲೇ ಕೆಳಗೆ ಆನೆಗಳು ನೀರಿಗಿಳಿಯುವುದನ್ನು ನೋಡಬಹುದು.

ವೇಗದ ಮಿತಿ ಡಾಂಬರಿನ ಮೇಲೆ 50, ಮಣ್ಣುರಸ್ತೆಯಲ್ಲಿ 40. ನೀವು 25ರಲ್ಲೇ ಹೋಗಿ. ಬೆಳಗಿನ ಹೊತ್ತು ರಸ್ತೆ ಕೆಳಗಿನ ಮೋರಿ ಕೊಳವೆಗಳ ಹತ್ತಿರ ನಿಧಾನಿಸಿ, ಕತ್ತೆಕಿರುಬಗಳು ಅದರೊಳಗೇ ಮರಿ ಹಾಕುತ್ತವೆ. ಒಮ್ಮೆ ಹಾಗೆ ನಿಲ್ಲಿಸಿದಾಗ ಕಪ್ಪು ಮೂತಿಯ ಎರಡು ಮರಿಗಳು ಹೊರಬಂದು ನಮ್ಮ ಕಾರಿನ ಮುಂದಿನ ಚಕ್ರವನ್ನು ಮೂಸಿ, ಒಂದು ಮರಿ ಬಂಪರಿಗೆ ಹಲ್ಲು ಹಾಕಿ ನೋಡಿತು. ತಾಯಿ ಪಕ್ಕದಲ್ಲೇ ಮಲಗಿ ಒಂದು ಕಣ್ಣು ತೆರೆದು ನೋಡುತ್ತಿತ್ತು. ಹಿಂದೆ ಬಂದ ಕಾರುಗಳು ಎಲ್ಲೋ ಸಿಂಹವಿದೆಯಂತೆ ಅಂತ ಸರ್ರನೆ ದಾಟಿಹೋದವು. ಸಿಂಹದ ಹಿಂದೆ ಓಡುವವರಿಗೆ ಕ್ರೂಗರ್ ಅರ್ಧವೂ ಕಾಣುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆನೆ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಹಿಂಡು ರಸ್ತೆ ದಾಟುವಾಗ ದೂರದಲ್ಲೇ ನಿಲ್ಲಿಸಿ, ತಾಯಿ–ಮರಿ ನಡುವೆ ಕಾರು ನುಗ್ಗಿಸಬೇಡಿ. ಒಂಟಿ ಸಲಗದ ಕಣ್ಣು–ಕಿವಿ ನಡುವಿನಿಂದ ಮದ ಸೋರುತ್ತಿದ್ದರೆ ನಿಧಾನವಾಗಿ ರಿವರ್ಸ್ ತೆಗೆದುಕೊಳ್ಳಿ. ನಿಗದಿ ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ಮೈ ಹೊರಗೆ ಹಾಕುವಂತೆಯೂ ಇಲ್ಲ. ಮಗಳಿಗೆ ಇದನ್ನು ಮೊದಲೇ ಹೇಳಿ. ಇನ್ನೊಂದು ಮಾತು: ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಕ್ಯಾಂಪುಗಳಲ್ಲಿ ಬೋರ್ಡಿನ ಮೇಲೆ ಗುರುತು ಹಾಕಿರುತ್ತಾರೆ. ಖಡ್ಗಮೃಗದ ಗುರುತು ಮಾತ್ರ ಇರುವುದಿಲ್ಲ, ಕೊಂಬಿಗಾಗಿ ಬೇಟೆಯಾಡುವವರಿಗೆ ಸುಳಿವು ಸಿಗಬಾರದೆಂದು. ನಿಮಗೆ ಕಂಡರೆ ಕಣ್ತುಂಬ ನೋಡಿ, ಆದರೆ ಜಾಗದ ಹೆಸರು ಹಾಕಿ ಫೋಟೊ ಹಂಚಬೇಡಿ. ದಯವಿಟ್ಟು ಇದೊಂದು ನೆನಪಿಡಿ.

ರಾತ್ರಿ ಸಫಾರಿಗೆ ಪಾರ್ಕಿನವರದೇ ತೆರೆದ ವಾಹನವಿದೆ, ಆರು ತುಂಬಿದ ಮಕ್ಕಳನ್ನು ಹತ್ತಿಸುತ್ತಾರೆ. ಕಾಡಿನಲ್ಲಿ ನಡೆದು ಹೋಗುವುದಕ್ಕೆ 12 ವರ್ಷ ಆಗಿರಬೇಕು, ಹಾಗಾಗಿ ಮಗಳಿಗೆ ಈ ಸಲ ಇಲ್ಲ. ಬೆಳಗ್ಗೆ ಚಳಿ ಇರುತ್ತದೆ, ಅಮ್ಮನಿಗೆ ಸ್ವೆಟರ್, ಶಾಲು ಎರಡೂ ಬೇಕು.

ಊಟದ ಚಿಂತೆ ಬೇಡ. ಜೋಹಾನ್ಸ್‌ಬರ್ಗ್‌ನ ಫೋರ್ಡ್ಸ್‌ಬರ್ಗ್‌ನಲ್ಲಿ ನಮ್ಮವರ ಅಂಗಡಿಗಳಿವೆ. ಅಕ್ಕಿ, ಬೇಳೆ, ಮಸಾಲೆ ಅಲ್ಲೇ ಕೊಳ್ಳಿ. ಕ್ಯಾಂಪಿನಲ್ಲಿ ಒಲೆ, ಪಾತ್ರೆ, ಫ್ರಿಜ್ ಇರುವ ಮನೆಯನ್ನೇ ಬುಕ್ ಮಾಡಿ, ಕೆಲವು ಗುಡಿಸಲುಗಳಲ್ಲಿ ಅಡುಗೆಮನೆ ಇರುವುದಿಲ್ಲ. ಮಾಡಿದ್ದನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಹೋದರೆ ಕೋತಿಗಳು ಕ್ಷಣದಲ್ಲಿ ಎತ್ತಿಕೊಂಡು ಹೋಗುತ್ತವೆ.

ಮಲೇರಿಯಾ ಬಗ್ಗೆ ಹಗುರವಾಗಿರಬೇಡಿ. ಮೇ ಎಂದರೆ ಅದರ ಕಾಲದ ಕೊನೆ, ಮುಗಿದಿರುವುದಿಲ್ಲ. ಅಮ್ಮನಿಗೂ ಮಗಳಿಗೂ ಯಾವ ಮಾತ್ರೆ ಅಂತ ಹೊರಡುವ ಮುಂಚೆ ಡಾಕ್ಟರರನ್ನು ಕೇಳಿ. ಅವರು ಬೇಡವೆಂದರೆ ಕ್ರೂಗರ್ ಬದಲು ಪಿಲಾನೆಸ್‌ಬರ್ಗ್‌ಗೆ ಹೋಗಿ. ಜೋಹಾನ್ಸ್‌ಬರ್ಗ್‌ನಿಂದ ಎರಡೂವರೆ ಗಂಟೆ, ಆರಿಹೋದ ಹಳೇ ಜ್ವಾಲಾಮುಖಿಯ ಉಂಗುರದೊಳಗಿನ ಕಾಡು, ಮಲೇರಿಯಾ ಇಲ್ಲ. ಚಿಕ್ಕದು, ಆದರೆ ಆನೆ, ಸಿಂಹ, ಖಡ್ಗಮೃಗ ಎಲ್ಲವೂ ಇವೆ. ವಿಮಾನ ದುಬೈ ಅಥವಾ ದೋಹಾ ಮೂಲಕ ಹಿಡಿದರೆ ಹಳದಿ ಜ್ವರದ ಲಸಿಕೆಯ ಪ್ರಶ್ನೆ ಏಳುವುದಿಲ್ಲ. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ 12 ಗಂಟೆಗಿಂತ ಹೆಚ್ಚು ಕಾಯುವ ಟಿಕೆಟಾದರೆ ಪ್ರಯಾಣಕ್ಕೆ ಹತ್ತು ದಿನ ಮೊದಲೇ ಲಸಿಕೆ ಹಾಕಿಸಿ ಕಾರ್ಡು ಇಟ್ಟುಕೊಳ್ಳಬೇಕು.

ಪಕ್ಕದ ಸಬಿ ಸ್ಯಾಂಡ್ ಖಾಸಗಿ ಕಾಡಿನಲ್ಲಿ ಚಿರತೆ ನೋಡಲು ಸುಲಭ, ಗೈಡ್ ರಸ್ತೆ ಬಿಟ್ಟೂ ಜೀಪು ಇಳಿಸುತ್ತಾನೆ. ಆದರೆ ಅಲ್ಲಿನ ಒಂದು ರಾತ್ರಿಯ ದುಡ್ಡಿನಲ್ಲಿ ಕ್ಯಾಂಪಿನಲ್ಲಿ ಎಷ್ಟೋ ರಾತ್ರಿ ಇರಬಹುದು. ನಾನಾದರೆ ಖರ್ಚು ಮಾಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಕ್ಯಾಂಪು, ಆಮೇಲೆ ವಿಮಾನದ ಟಿಕೆಟು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ ಸ್ಯಾನ್‌ಪಾರ್ಕ್ಸ್‌ನ ಜಾಲತಾಣದಲ್ಲಿ 11 ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ. ಮೇ ತಿಂಗಳಿಗೆ ಹೋಗುವವರು ಹಿಂದಿನ ಜೂನ್‌ನಲ್ಲೇ ನೋಡಬೇಕು. ಲೋವರ್ ಸಬಿ ಬೇಗ ತುಂಬುತ್ತದೆ, ಅದನ್ನೇ ಮೊದಲು ಹಿಡಿಯಿರಿ. ಸಿಗದಿದ್ದರೆ ಸ್ಕುಕುಜಾ ತೆಗೆದುಕೊಳ್ಳಿ, ಅದೇ ನದಿ, ಅದೇ ರಸ್ತೆ.