ರೂಪಾಯಿ ಇಳಿದರೆ ಹೋಮ್‌ಸ್ಟೇ ತುಂಬುತ್ತದೆಯೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟದಲ್ಲೇ ಸಣ್ಣ ಹೋಮ್‌ಸ್ಟೇ ಇದೆ. ಡಾಲರ್ ಏರಿದರೆ ವಿದೇಶಿಯರು ಜಾಸ್ತಿ ಬರುತ್ತಾರೆ, ದೇಶವೂ ಬೆಳೆಯುತ್ತದೆ ಅನ್ನುತ್ತಾರೆ. ನಮ್ಮಲ್ಲಿಗೆ ಬರುವವರೆಲ್ಲ ಬೆಂಗಳೂರಿನವರು. ನಮಗೇನು ಲಾಭ?

ಉತ್ತರ: ಆ ಮಾತು ಅರ್ಧ ಮಾತ್ರ ನಿಜ. ರೂಪಾಯಿ ಇಳಿದಾಗ ಡಾಲರ್ ತರುವವರಿಗೆ ನಮ್ಮ ದೇಶ ಅಗ್ಗವಾಗುತ್ತದೆ. ಅವರು ಇಲ್ಲಿ ಮಾಡುವ ಖರ್ಚು ದೇಶದ ಲೆಕ್ಕದಲ್ಲಿ ರಫ್ತು. ನಿಮ್ಮ ಕಾಫಿ ಹಡಗು ಹತ್ತಿ ಹೋಗಿ ಡಾಲರ್ ತರುತ್ತದೆ, ಪ್ರವಾಸಿ ತಾನೇ ಬಂದು ಕೊಟ್ಟು ಹೋಗುತ್ತಾನೆ. ಎರಡೂ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕಕ್ಕೆ ಸೇರುತ್ತವೆ.

ಆದರೆ ಅಗ್ಗ ಅಂತ ಸುಮ್ನೆ ಯಾರೂ ವಿಮಾನ ಹತ್ತುವುದಿಲ್ಲ. ಶ್ರೀಲಂಕಾವನ್ನೇ ನೋಡಿ. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಅದರ ಬೆನ್ನಿಗೇ ಕೋವಿಡ್. ಪ್ರವಾಸಿಗರು ತರುತ್ತಿದ್ದ ಡಾಲರ್ ಬತ್ತಿತು. ತೆರಿಗೆ ಕಡಿತ, ಸಾಲದ ಹೊರೆ ಎಲ್ಲ ಸೇರಿ 2022ರಲ್ಲಿ ವಿದೇಶಿ ವಿನಿಮಯ ಸಂಗ್ರಹ ಬಹುತೇಕ ಬರಿದಾಯಿತು. ಡಾಲರ್‌ಗೆ 200ರಷ್ಟಿದ್ದ ಅಲ್ಲಿನ ರೂಪಾಯಿ ಕೆಲವೇ ತಿಂಗಳಲ್ಲಿ 360ರ ಆಸುಪಾಸಿಗೆ ಕುಸಿಯಿತು. ಅಷ್ಟು ಅಗ್ಗವಾದರೂ ಆ ವರ್ಷ ಜನ ಮುಗಿಬೀಳಲಿಲ್ಲ. ಪೆಟ್ರೋಲ್ ಇಲ್ಲ, ಗಂಟೆಗಟ್ಟಲೆ ಕರೆಂಟ್ ಇಲ್ಲ, ಬೀದಿ ತುಂಬ ಪ್ರತಿಭಟನೆ. ಅಂಥ ಕಡೆ ಮಕ್ಕಳನ್ನು ಕರೆದುಕೊಂಡು ಯಾರು ಹೋಗುತ್ತಾರೆ? ಪರಿಸ್ಥಿತಿ ತಿಳಿಯಾದ ಮೇಲೆಯೇ ಪ್ರವಾಸಿಗರು ಮರಳಿದ್ದು.

ನಿಮಗೆ ಡಾಲರ್ ದರಕ್ಕಿಂತ ಬೆಂಗಳೂರಿನ ಸಂಬಳ ಮುಖ್ಯ. ಅಲ್ಲಿ ಕೆಲಸ, ಆದಾಯ ಬೆಳೆದಾಗ ವೀಕೆಂಡ್‌ಗೆ ಮುಳ್ಳಯ್ಯನಗಿರಿ ರಸ್ತೆ ತುಂಬುತ್ತದೆ. ಪ್ರವಾಸದಿಂದ ಆರ್ಥಿಕತೆ ಬೆಳೆಯುತ್ತದೆ ಅನ್ನುವವರು, ಆರ್ಥಿಕತೆ ಬೆಳೆದರೇ ಪ್ರವಾಸ ಬೆಳೆಯುವುದು ಅನ್ನೋದನ್ನು ಮರೆತುಬಿಡುತ್ತಾರೆ. ರೂಪಾಯಿ ಇಳಿದು ವಿದೇಶ ಪ್ರವಾಸ ದುಬಾರಿಯಾದರೆ ಕೆಲವರು ಬಾಲಿ ಬಿಟ್ಟು ಮಲೆನಾಡಿನ ಕಡೆ ತಿರುಗಬಹುದು, ನಿಜ. ಆದರೆ ಕಚ್ಚಾ ತೈಲ, ಅಡುಗೆ ಗ್ಯಾಸ್, ಪೊಟ್ಯಾಷ್ ಗೊಬ್ಬರಕ್ಕೆ ನಾವು ಆಮದನ್ನೇ ನಂಬಿದ್ದೇವೆ. ರೂಪಾಯಿ ಇಳಿದರೆ ಅವೂ ದುಬಾರಿ, ಆ ಏಟು ನಿಮ್ಮ ಅಡುಗೆಮನೆಗೂ ತೋಟಕ್ಕೂ ಬೀಳುತ್ತದೆ.

ರೂಪಾಯಿ ಇಳಿದ ಲಾಭ ನಿಮಗೆ ಮೊದಲು ಕಾಣುವುದು ರೂಮಿನಲ್ಲಲ್ಲ, ಕಾಫಿ ಚೀಲದಲ್ಲಿ. ಭಾರತದ ಕಾಫಿಯಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯ ದರವೇ ಆಧಾರ, ಎರಡೂ ಡಾಲರ್‌ನಲ್ಲಿ. ಹಾಗಾಗಿ ರೂಪಾಯಿ ಇಳಿದರೆ ಅದೇ ಡಾಲರ್ ದರಕ್ಕೆ ಹೆಚ್ಚು ರೂಪಾಯಿ ಸಿಗುತ್ತದೆ.

ವಿದೇಶಿ ಅತಿಥಿಗಳು ಬೇಕು ಅಂದರೆ ರೂಮಿನ ದರ ಇಳಿಸಬೇಡಿ. ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಅವನ್ನು ನೋಡಲು ಬಂದವರು ಸಂಜೆಗೇ ವಾಪಸ್ ಹೊರಟರೆ ನಮ್ಮ ಜಿಲ್ಲೆಗಳಿಗೆ ಉಳಿಯುವ ದುಡ್ಡು ಕಡಿಮೆ. ಅಲ್ಲಿನ ಗೈಡ್‌ಗಳ ಪರಿಚಯ ಮಾಡಿಕೊಳ್ಳಿ. ದೇವಾಲಯದ ಜೊತೆ ತೋಟದ ಸುತ್ತಾಟ, ಕಾಫಿ ಹುರಿಯುವುದನ್ನು ತೋರಿಸುವುದು, ಒಂದು ರಾತ್ರಿಯ ವಾಸ ಸೇರಿಸಿ ಒಟ್ಟು ದರ ಹೇಳಿ.