ತಡಬೆ ದಾಟಿ ಹೋಗು, ದನದ ಹತ್ತಿರ ಹೋಗಬೇಡ

ನಿನ್ನ ಪ್ರಶ್ನೆ ಓದಿ ನಗು ಬಂತು. "ಅಕ್ಕಾ, ಇಂಗ್ಲೆಂಡಿಗೆ, ಈ ಶೆಫೀಲ್ಡಿಗೆ ಬಂದು ಎರಡು ತಿಂಗಳಾಯ್ತು. ನಾಲ್ಕು ವರ್ಷದ್ದೊಂದು, ಏಳು ವರ್ಷದ್ದೊಂದು ಮಕ್ಕಳು. ಜೂನಿನಲ್ಲಿ ಅಪ್ಪಾಜಿ ಬರ್ತಾರೆ. ನೀವೆಲ್ಲ ಹೋಗೋ ಕ್ಯಾಸಲ್‌ಟನ್ ಹಳ್ಳಿ ಸುತ್ತ ಸುಲಭದ ದಾರಿ ಇದೆಯಾ? ಯಾರದ್ದೋ ಜಮೀನಿಗೆ ಕಾಲಿಟ್ರೆ ಬೈಯೋದಿಲ್ವಾ? ಶೂ, ಊಟ, ಮಳೆ ಎಲ್ಲ ಹೇಗೆ?" ನಕ್ಕಿದ್ದು ನಿನ್ನನ್ನು ನೋಡಿ ಅಲ್ಲ. 2005ರಲ್ಲಿ ನಾನೂ ಯಾರನ್ನಾದರೂ ಇದನ್ನೇ ಕೇಳಬೇಕಿತ್ತು. ಕೇಳದೆ ಎರಡು ವರ್ಷ ಕಳೆದೆ.

ಆಗ ಭಾನುವಾರ ಬಸ್ಸು ಹತ್ತಿ ಕ್ಯಾಸಲ್‌ಟನ್ ತನಕ ಹೋಗುತ್ತಿದ್ದೆವು. ಟೀ ಕುಡಿದು, ಬ್ಲೂ ಜಾನ್ ಅನ್ನೋ ಅಲಂಕಾರದ ಕಲ್ಲಿನ ಅಂಗಡಿಗಳ ಗಾಜಿಗೆ ಮುಖ ಒತ್ತಿ ನೋಡಿ, ವಾಪಸ್. ಎಲ್ಲಿ ನೋಡಿದರೂ ಗಾರೆ ಇಲ್ಲದೆ ಪೇರಿಸಿದ ಕಲ್ಲಿನ ಗೋಡೆ. ಗೋಡೆ ಕಟ್ಟಿದ್ದಾರೆ ಅಂದ್ರೆ ಒಳಗೆ ಬರಬೇಡ ಅಂತ ತಾನೆ? ಒಂದು ದಿನ ಮಗಳ ತಳ್ಳುಗಾಡಿ ಹಿಡಿದು ಒಂದು ಗೇಟಿನ ಮುಂದೆ ಸುಮ್ನೆ ನಿಂತಿದ್ದೆ. ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ಗೇಟು ತೆಗೆದು, ಹೋಗು ಲವ್, ಇದು ದಾರಿ ಅಂದರು. (ಈ ಕಡೆ ಬಸ್ ಡ್ರೈವರೂ 'ಲವ್' ಅಂತಲೇ ಕರೆಯೋದು, ಗಾಬರಿಯಾಗಬೇಡ.)

ವಿಷಯ ಇಷ್ಟೇ. ಜಮೀನು ರೈತನದ್ದು, ಅದರ ಮೇಲೆ ಹಾದುಹೋಗುವ ಕಾಲುದಾರಿ ಎಲ್ಲರದ್ದು. ನಮ್ಮೂರಲ್ಲಿ ಗದ್ದೆ ಬದುವಿನ ಮೇಲೆ ಯಾರು ಬೇಕಾದರೂ ನಡೆದು ಹೋಗೋದಿಲ್ವಾ, ಹಾಗೇ ಅಂದುಕೋ. ವ್ಯತ್ಯಾಸ ಅಂದ್ರೆ ಇಲ್ಲಿ ಅದಕ್ಕೆ ಕಾನೂನಿದೆ, ನಕ್ಷೆ ಇದೆ, ಕಂಬಕ್ಕೆ ಬಾಣದ ಗುರುತು ಹೊಡೆದಿರುತ್ತಾರೆ. ಹಳದಿ ಬಾಣ ಇದ್ದರೆ ನಡೆಯುವವರ ದಾರಿ. ನೀಲಿ ಇದ್ದರೆ ಕುದುರೆ, ಸೈಕಲ್ಲೂ ಬರುತ್ತವೆ. ಆರ್ಡ್ನೆನ್ಸ್ ಸರ್ವೇಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆ ಒಂದು ಕೊಂಡುಕೋ. ಅದರಲ್ಲಿ ಹಸಿರು ಚುಕ್ಕೆಗೆರೆ ಎಳೆದಿರುವ ಕಡೆಯೆಲ್ಲ ನಿನ್ನನ್ನು ಯಾರೂ ತಡೆಯುವ ಹಾಗಿಲ್ಲ. ಫೋನ್ ಸಾಕು ಅನ್ನಬೇಡ, ಗುಡ್ಡದ ಸಂದಿಯಲ್ಲಿ ಸಿಗ್ನಲ್ ಕೈಕೊಡುತ್ತದೆ. ಗೋಡೆ ಅಡ್ಡ ಬಂದ ಕಡೆ ಹತ್ತಿ ಇಳಿಯಲು ಮೆಟ್ಟಿಲು ಇರುತ್ತದೆ, ನಮ್ಮ ತಡಬೆಯೇ. ಕೆಲವು ಕಡೆ ಒಬ್ಬರು ನುಸುಳುವಷ್ಟು ಸಂದಿ ಬಿಟ್ಟಿರುತ್ತಾರೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚು. ಉಣುಗೋಲು ಸರಿಸಿ ಬೆಳೆದವಳಿಗೆ ಇದನ್ನು ಹೇಳಬೇಕಾ!

ಈ ಹಕ್ಕು ಪುಕ್ಕಟೆ ಬಂದಿದ್ದಲ್ಲ. ಕ್ಯಾಸಲ್‌ಟನ್ ಹಿಂದಿನ ಬೆಟ್ಟದ ಸಾಲಿನಾಚೆಗೆ ಕಿಂಡರ್ ಸ್ಕೌಟ್ ಅಂತ ದೊಡ್ಡ ಬಯಲು ಗುಡ್ಡ ಇದೆ. ಜಮೀನ್ದಾರರು ಬೇಟೆಗೆಂದು ಅದನ್ನು ಮುಚ್ಚಿಟ್ಟುಕೊಂಡಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಜಾಸ್ತಿ ಮ್ಯಾಂಚೆಸ್ಟರಿನ ಕೆಲಸಗಾರ ಹುಡುಗರು, ಬೇಕಂತಲೇ ನುಗ್ಗಿ ನಡೆದರು. ಐವರು ಜೈಲಿಗೆ ಹೋದರು. 1951ರಲ್ಲಿ ಇಡೀ ಪ್ರದೇಶ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಆಯಿತು. ಅದೇ ವರ್ಷ ನಮ್ಮ ಸಾಗರದಲ್ಲಿ ಕಾಗೋಡು ಸತ್ಯಾಗ್ರಹ. ಅಲ್ಲಿ ಕೇಳಿದ್ದು ಉಳುವ ನೆಲ, ಇಲ್ಲಿ ನಡೆಯುವ ನೆಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ, ನೆನಪಾಯಿತು ಅಷ್ಟೆ.

ಇನ್ನು ದಾರಿಗಳು. ಚಿಕ್ಕ ಮಕ್ಕಳಿಗೆ ಮೊದಲು ಕ್ಯಾಸಲ್‌ಟನ್ನಿಂದ ಹೋಪ್ ಹಳ್ಳಿಗೆ ಹೋಗುವ ದಾರಿ ಹಿಡಿ. ಪೀಕ್ಸ್‌ಹೋಲ್ ವಾಟರ್ ಅಂತ ಹಳ್ಳವಿದೆ, ಅದರ ಪಕ್ಕದಲ್ಲೇ ಹೋಗುತ್ತದೆ. ಎರಡೂವರೆ ಕಿಲೋಮೀಟರ್ ಆಸುಪಾಸು, ಏರಿಲ್ಲ. ಮಧ್ಯೆ ಸಿಮೆಂಟ್ ಕಾರ್ಖಾನೆಯ ರೈಲು ಹಳಿ ದಾಟಬೇಕು, ಅಲ್ಲಿ ಮಕ್ಕಳ ಕೈ ಹಿಡಿದುಕೋ. ಹೋಪ್‌ನಿಂದ ಶೆಫೀಲ್ಡಿಗೆ ರೈಲಿದೆ, ಸ್ಟೇಷನ್ನು ಮಾತ್ರ ಊರಿಂದ ಸ್ವಲ್ಪ ಆಚೆ.

ಏಳು ವರ್ಷದವನಿಗೆ ಇಷ್ಟವಾಗೋದು ಮ್ಯಾಮ್ ಟಾರ್. 517 ಮೀಟರ್ ಎತ್ತರ ಅಂತ ಹೆದರಬೇಡ, ಮೇಲಿನ ಕಾರ್ ಪಾರ್ಕಿನಿಂದ ಹೊರಟರೆ ಕಲ್ಲು ಹಾಸಿದ ಮೆಟ್ಟಿಲಿದೆ, ಅಜ್ಜಿಯರೂ ಹತ್ತುತ್ತಾರೆ. ಗಾಳಿಗೆ ಮಾತ್ರ ಸಣ್ಣವನನ್ನು ಬಿಗಿಯಾಗಿ ಹಿಡಿದುಕೋ. ಅದರ ಬುಡದಲ್ಲಿ ಹಳೇ ರಸ್ತೆಯೊಂದಿದೆ. ಗುಡ್ಡ ಜಾರುತ್ತಲೇ ಇತ್ತು, ಇವರು ರಿಪೇರಿ ಮಾಡುತ್ತಲೇ ಇದ್ದರು. 1979ರಲ್ಲಿ ಸೋತು ವಾಹನ ಬಿಡೋದನ್ನೇ ನಿಲ್ಲಿಸಿದರು. ಈಗ ಡಾಂಬರಿನ ಪದರಗಳು ಸೀಳಿ, ಮಗುಚಿ, ಒಂದರ ಮೇಲೊಂದು ನಿಂತಿವೆ, ಕಾವಲಿಗೆ ಹತ್ತಿದ ದೋಸೆ ಕಿತ್ತ ಹಾಗೆ. ಒಂದೊಂದು ಪದರವೂ ಒಂದೊಂದು ಸಲದ ರಿಪೇರಿ. ನನ್ನ ಮಗಳು ಅಲ್ಲಿ ಕೂತು ಎಣಿಸುತ್ತಿದ್ದಳು.

ಪೆವರಿಲ್ ಕೋಟೆಯ ಕೆಳಗಿನ ಕೇವ್ ಡೇಲ್ ಕಣಿವೆ ಚೆಂದ, ಆದರೆ ಸುಣ್ಣಕಲ್ಲು ಮಳೆಯಲ್ಲಿ ಎಣ್ಣೆ ಸುರಿದಂತಾಗುತ್ತದೆ. ಅಪ್ಪಾಜಿಗೆ ಬೇಡ. ಅವರಿಗೆ ಬೇಕ್‌ವೆಲ್ ಕಡೆಯ ಮಾನ್ಸಲ್ ಟ್ರೈಲ್ ಸರಿ. ಹಳೇ ರೈಲು ಮಾರ್ಗ, ಸಮತಟ್ಟು, ತಳ್ಳುಗಾಡಿ ಹೋಗುತ್ತದೆ, ದೀಪ ಹಾಕಿದ ಸುರಂಗಗಳಿವೆ.

ಶೂ: ನೀರು ಹೋಗದಂಥದ್ದು, ಅಡಿಭಾಗಕ್ಕೆ ಹಿಡಿತ ಇರುವಂಥದ್ದು. ಊಟ: ಚಿತ್ರಾನ್ನ ಕಟ್ಟಿಕೊಂಡು ಹೋಗು, ಯಾರೂ ನೋಡೋದಿಲ್ಲ. ಮಳೆ: ಕೊಡೆ ಬೇಡ, ಗಾಳಿ ಅದನ್ನು ಮಗುಚುತ್ತದೆ. ಕಂಬಳಿಕೊಪ್ಪೆ ಇದ್ದಿದ್ದರೆ ಇಲ್ಲಿನ ಕುರಿಗಾಹಿಗಳು ಮುಗಿಬಿದ್ದು ಕೊಳ್ಳುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ. ಮಂಗನ ಕಾಯಿಲೆಯ ಊರಿಂದ ಬಂದವಳು ನೀನು, ಉಣುಗಿನ ಬಗ್ಗೆ ಪಾಠ ಬೇಡ. ಇಲ್ಲಿನ ಉಣುಗು ಲೈಮ್ ಅನ್ನೋ ಬೇರೆ ಕಾಯಿಲೆ ತರುತ್ತದೆ. ಜರಿಗಿಡದ ಪೊದೆಯಲ್ಲಿ ಆಡಿದ ಮಕ್ಕಳ ಮೊಣಕಾಲ ಹಿಂದೆ, ಕಂಕುಳಲ್ಲಿ ಸಂಜೆ ನೋಡು, ಅಷ್ಟೆ.

ಜಾಸ್ತಿ ಹೇಳಬೇಕಾದ್ದು ದನದ ಬಗ್ಗೆ.

2009ರ ಮೇ ತಿಂಗಳಲ್ಲಿ ನಮ್ಮ ಅಪ್ಪಯ್ಯ ಬಂದಿದ್ದರು. ಕೊಟ್ಟಿಗೆ ತುಂಬ ದನ ಸಾಕಿದವರು, ಗದ್ದೆ ತೋಟ ಬಿಟ್ಟು ಬೇರೆ ಕಂಡವರಲ್ಲ. ಕ್ಯಾಸಲ್‌ಟನ್ನಿನಲ್ಲಿ ಇಳಿದ ಕೂಡಲೇ ಗುಡ್ಡಗಳನ್ನು ಸುತ್ತ ನೋಡಿ, "ಇಷ್ಟು ಬೆಟ್ಟ ಇದ್ದು, ಒಂದು ಮರ ಇಲ್ವಲ್ಲೇ. ಇವರು ಸೊಪ್ಪಿಗೆ ಎಲ್ಲಿ ಹೋಗ್ತಾರೆ?" ಅಂದರು. ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಇಲ್ಲದ ಊರನ್ನು ಅವರು ನಂಬಲೇ ಇಲ್ಲ. ನನ್ನ ಗಂಡನ ಬೂಟು, ಮಂಕಿ ಕ್ಯಾಪು ಹಾಕಿಕೊಂಡು ಮುಂದೆ ಮುಂದೆ ನಡೆದರು. ತಡಬೆ ಕಂಡಾಗ ಮಗಳಿಗೆ ತಾವೇ ಹತ್ತಿ ತೋರಿಸಿದರು. ಬಂದ ಹದಿನೈದು ದಿನದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹೋಪ್ ದಾರಿಯ ಒಂದು ಹುಲ್ಲುಗಾವಲಲ್ಲಿ ಹತ್ತು ಹನ್ನೆರಡು ದನ, ಜೊತೆಗೆ ಕರುಗಳು. ಒಂದು ಕರು ದಾರಿ ಪಕ್ಕದಲ್ಲೇ ಮಲಗಿತ್ತು. ಅಪ್ಪಯ್ಯ ಒಂದು ಹಿಡಿ ಹುಲ್ಲು ಕಿತ್ತು, ನಾಲಿಗೆಯಲ್ಲಿ ಲೊಟ್ಟೆ ಹಾಕುತ್ತಾ, "ಬಾ ಪುಟ್ಟಾ ಬಾ" ಅಂತ ಕೈ ಚಾಚಿ ಹೋದರು. ಕರು ಎದ್ದು ನಿಂತಿತು. ಆಚೆ ಮೇಯುತ್ತಿದ್ದ ತಾಯಿ ತಲೆ ಎತ್ತಿತು. ಮೂಗಿನಲ್ಲಿ ಒಮ್ಮೆ ಭುಸ್ ಅಂದಿತು, ತಲೆ ತಗ್ಗಿಸಿತು, ಬಂತು. ನಮ್ಮ ಮಲೆನಾಡು ಗಿಡ್ಡ ಸೊಂಟದ ಮಟ್ಟ ಬಂದರೆ ಹೆಚ್ಚು. ಇವು ಆರೇಳುನೂರು ಕಿಲೋ ತೂಗುವಂಥವು. ಅಪ್ಪಯ್ಯ ಹಿಂದೆ ಸರಿಯಲು ಹೋಗಿ ಗೊರಸು ತುಳಿದ ಕೆಸರಲ್ಲಿ ಕಾಲು ಸಿಕ್ಕಿ ಬಿದ್ದರು. ನಾನು ಮಗಳನ್ನು ಗೋಡೆಗೆ ಒತ್ತಿ ಹಿಡಿದು ಕನ್ನಡದಲ್ಲಿ ಕಿರುಚುತ್ತಿದ್ದೆ. ದನ ಮೂರು ಮಾರು ದೂರದಲ್ಲಿ ನಿಂತು, ತಲೆ ಕೊಡವಿ, ಕರುವನ್ನು ಮುಂದೆ ಹಾಕಿಕೊಂಡು ಹೋಯಿತು.

ಮಣಿಕಟ್ಟು ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ರೈಲಿನಲ್ಲಿ ಒಂದೇ ಮಾತು ಹೇಳಿದರು: "ದನ ನನ್ನ ಮೇಲೆ ಬಂತಲ್ಲೇ." ಆಮೇಲೆ ಒಂದೂವರೆ ತಿಂಗಳು ಹೀಟರ್ ಪಕ್ಕ ಕಿಟಕಿಯಲ್ಲಿ ಕೂತರು. ನಾನು ಲಂಡನ್ ತೋರಿಸಿದೆ, ದೇವಸ್ಥಾನ ತೋರಿಸಿದೆ, ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಮತ್ತೆ ಹುಲ್ಲಿನ ಮೇಲೆ ಕರೆದುಕೊಂಡು ಹೋಗಲಿಲ್ಲ. ಅವರಿಗೆ ಭಯ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕಂದ್ರೆ ಭಯ ನನಗೆ. ಏನಾದರೂ ಆದರೆ ಅಣ್ಣನಿಗೆ ಏನು ಹೇಳಲಿ ಅಂತ. ಅವರು ಕೇಳಲಿಲ್ಲ, ನಾನು ಕರೆಯಲಿಲ್ಲ. ಎರಡನೇ ಸಲ ಅವರು ಬರಲಿಲ್ಲ. 2014ರಲ್ಲಿ ಹೋಗಿಬಿಟ್ಟರು.

ದನ ಯಾಕೆ ಹಾಗೆ ಬಂತು ಅಂತ ಒಬ್ಬ ರೈತ ನನಗೆ ವಿವರಿಸಿದ್ದು 2009ರ ಕೊನೆಗೆ. ಅವು ಹಾಲು ಕರೆಯುವ ದನ ಅಲ್ಲ, ಮಾಂಸಕ್ಕೆ ಸಾಕಿದವು. ಬೇಸಿಗೆಯೆಲ್ಲ ಕರು ಕಟ್ಟಿಕೊಂಡು ಹೊರಗೇ ಇರುತ್ತವೆ, ಮನುಷ್ಯ ಹತ್ತಿರ ಬಂದರೆ ಸೂಜಿ ಚುಚ್ಚಲು ಬಂದ ಅಂತಲೇ ಅವುಗಳ ಲೆಕ್ಕ. ಕೈ ಕಂಡ ದನ ಅಲ್ಲ. ಇದನ್ನು ಫೋನಿನಲ್ಲಿ ಅಪ್ಪಯ್ಯನಿಗೆ ಹೇಳಿದೆ. "ಹಾಗಾ" ಅಂದರು, ಅಡಿಕೆ ರೇಟಿನ ಮಾತಿಗೆ ಹೋದರು.

ಆದ್ದರಿಂದ ಮಾರಾಯ್ತಿ, ಗೇಟಿಗೆ ಕೈ ಹಾಕುವ ಮೊದಲು ಒಳಗೆ ಕಣ್ಣಾಡಿಸು. ಕರು ಇದ್ದರೆ ದಾರಿ ಬಿಟ್ಟು ಗೋಡೆ ಬದಿಯಲ್ಲಿ ಸುತ್ತಿ ಹೋಗು, ಅದಕ್ಕೆ ಯಾರೂ ಬೈಯೋದಿಲ್ಲ. ತಾಯಿಗೂ ಕರುವಿಗೂ ಮಧ್ಯೆ ಸಿಗಬೇಡ, ಓಡಬೇಡ, ಮಕ್ಕಳು ಕೈಯಳತೆಯಲ್ಲೇ ಇರಲಿ. ನಾಯಿ ಸಾಕಿದರೆ ಹಗ್ಗದಲ್ಲಿಟ್ಟುಕೋ, ದನ ಮೇಲೆ ಬಂದರೆ ಮಾತ್ರ ಹಗ್ಗ ಬಿಟ್ಟುಬಿಡು. ಅಪ್ಪಾಜಿಗೆ ಇದನ್ನು ಮೊದಲೇ ಹೇಳು, ಹೊರಟ ಮೇಲಲ್ಲ. ಏನಾದರೂ ಎಡವಟ್ಟಾದರೆ ಮಾರನೇ ವಾರವೇ ಮತ್ತೆ ಹೊರಡಿಸು, ಬೇರೆ ದಾರಿಯಲ್ಲಿ.

ತಾರೀಕು ತಿಳಿಸು, ಮೊದಲ ಸಲ ನಾನೂ ಬರುತ್ತೇನೆ. ಅವರು ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತರಲಿ. ಡಬ್ಬಿಗೆ ಮೂರು ಸುತ್ತು ಟೇಪು ಹಾಕಲು ಹೇಳು, ಎರಡು ಸುತ್ತು ಸಾಲೋದಿಲ್ಲ.